ಬಚಾತಾ ಕುಣಿಯುವ ವರನನ್ನು ನೋಡಿಬಂದೆ

ಶನಿವಾರ ಬೆಳಕು ಹರಿಯುವ ಮೊದಲೇ ಕೌಲಾಲಂಪುರದ ಹೊರವಲಯದ ಪುಚೊಂಗ್‌ನಲ್ಲಿರುವ ಮನೆ ಬಿಟ್ಟೆ. ಎಲ್‌ಆರ್‌ಟಿ ಎಂಬ ನಗರರೈಲಿನಲ್ಲಿ ಊರೊಳಕ್ಕೆ ಬಂದು ಬಟರ್‌ವರ್ತ್‌ನ ರೈಲು ಹತ್ತಿದೆ. ನಾಲ್ಕು ಗಂಟೆಗೂ ಮಿಕ್ಕಿದ ದಾರಿ. ನೆರೆಮನೆಯವರಿಗೆ ಪೆನಾಂಗ್ ದ್ವೀಪ ನೋಡಿಬರುತ್ತೇನೆ ಎಂದಿದ್ದೆ. ಹೊರಟಿದ್ದು ಒಬ್ಬ ಹುಡುಗನನ್ನು ನೋಡಲು.

ಮೈಸೂರಿನಲ್ಲಿರುವ ನನ್ನ ಅಣ್ಣನ ಮಗಳು ಸಿರಿಗೆ ಒಂದು ಸಂಬಂಧ ಬಂದಿತ್ತು. ಹುಡುಗ ಸುಹಾಸ ಹುಬ್ಬಳ್ಳಿಯವನು, ಪೆನಾಂಗಿನ ಬಯಾನ್ ಲೆಪಾಸ್‌ನಲ್ಲಿ ಚಿಪ್ ಕಾರ್ಖಾನೆಯ ಎಂಜಿನಿಯರ್. ಇಬ್ಬರೂ ಫೋನಿನಲ್ಲಿ ಮಾತಾಡಿ ಒಪ್ಪಿಯೂ ಇದ್ದರು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಅಣ್ಣನಿಗೊಂದು ಫೋಟೊ ಕಳಿಸಿದರು. ಹುಡುಗ ಯಾವಳೋ ಒಬ್ಬಳ ಬೆನ್ನ ಮೇಲೆ ಕೈಯಿಟ್ಟು ಕುಣಿಯುತ್ತಿದ್ದ. ಗುಟ್ಟಾಗಿ ವಿಚಾರಿಸಿಕೊಂಡು ಬಾ ಎಂದು ಅಣ್ಣ ನನಗೆ ಹೇಳಿದ. ನಾನು ಹೂಂ ಎಂದರೆ ನಿಶ್ಚಿತಾರ್ಥ, ಇಲ್ಲವಾದರೆ ಇಲ್ಲ. ತರಕಾರಿಯವನು ಕೊತ್ತಂಬರಿ ಬಿಟ್ಟಿ ಕೊಟ್ಟರೂ ಕಟ್ಟು ಬಿಚ್ಚಿ ನೋಡುವವಳು ನಾನು. ಇಂಥ ಕೆಲಸಕ್ಕೆ ನಮ್ಮ ಮನೆಯಲ್ಲಿ ಬೇರೆ ಹೆಸರು ಬರುವುದಿಲ್ಲ.

ರೈಲಿನಲ್ಲಿ ಫೋನ್ ತೆರೆದು ಆ ಕುಣಿತದ ಕುಲಗೋತ್ರ ಹುಡುಕಿದೆ. ಹೆಸರು ಬಚಾತಾ. ಹುಟ್ಟೂರು ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯ. ಬಡವರ ಕೇರಿಗಳಲ್ಲಿ, ಹೆಂಡದಂಗಡಿಗಳಲ್ಲಿ, ಸೂಳೆಮನೆಗಳಲ್ಲಿ ಗಿಟಾರ್ ಮೀಟುತ್ತ ಹಾಡುತ್ತಿದ್ದ ವಿರಹದ ಹಾಡಿಗೆ ಗಂಡುಹೆಣ್ಣು ಜೋಡಿಯಾಗಿ ಕುಣಿಯುವುದು. ಮರ್ಯಾದಸ್ಥರು ಬಹುಕಾಲ ಅದನ್ನು ಹತ್ತಿರ ಸೇರಿಸಲಿಲ್ಲವಂತೆ. ನದಿಮೂಲ ಋಷಿಮೂಲ ಕೇಳಬಾರದು ಎನ್ನುತ್ತಾರೆ, ಸರಿ. ವರನ ಮೂಲ ಕೇಳದಿದ್ದರೆ ಹೇಗೆ? ನಡುದಾರಿಯ ಇಪೊ ಊರು ದಾಟುವಷ್ಟರಲ್ಲಿ ನನ್ನ ಅರ್ಧ ತೀರ್ಪು ಆಗಿಹೋಗಿತ್ತು.

ಬಟರ್‌ವರ್ತ್‌ನಿಂದ ದ್ವೀಪಕ್ಕೆ ಫೆರ್ರಿ, ಎರಡು ರಿಂಗಿಟ್. ಮೋಡ ಕವಿದಿದ್ದರೂ ಸೆಕೆ ತಡೆಯಲಾಗುತ್ತಿರಲಿಲ್ಲ. ಬಯಾನ್ ಲೆಪಾಸ್‌ನಲ್ಲಿ ಒಂದು ಸಣ್ಣ ಹೋಟೆಲಿನಲ್ಲಿ ಚೀಲ ಇಟ್ಟು, ಸುಹಾಸ ಇರುವ ಕಾಂಡೊ ಕಟ್ಟಡದ ಕೆಳಗಿನ ಊಟದಂಗಡಿಗೆ ಹೋದೆ. ಅಂಗಡಿಯ ತಮಿಳು ಹೆಂಗಸು ಅನ್ನ, ಸಾಂಬಾರು, ಹಾಗಲಕಾಯಿ ಬಡಿಸಿದಳು. ಹುಡುಗನ ಬಗ್ಗೆ ಕೇಳಿದ್ದೇ ತಡ, ಹೊಗಳಿಕೆಯ ಮಳೆ ಸುರಿಸಿದಳು. ಇಷ್ಟು ಸಲೀಸಾಗಿ ಹೊಗಳುತ್ತಾಳೆಂದರೆ ಹೇಳಿಕೊಟ್ಟದ್ದೇ ಇರಬೇಕು ಎಂದುಕೊಂಡೆ. ಸಂಜೆ ಲಾಂಡ್ರಿ ಅಂಗಡಿಯ ಮಹಡಿಯ ಮೇಲೆ ಅವನ ಡಾನ್ಸ್ ಕ್ಲಾಸ್ ಇರುವುದೂ ಅವಳಿಂದಲೇ ತಿಳಿಯಿತು.

ಮೂಲೆಯ ಕುರ್ಚಿಯಲ್ಲಿ ಕೂತು ನೋಡುವುದು ನನ್ನ ಉಪಾಯ. ಆದರೆ ಅಲ್ಲಿ ಕುರ್ಚಿಯೇ ಇರಲಿಲ್ಲ. ಮೇ ಲಿಂಗ್ ಎಂಬ ಚೀನೀ ಟೀಚರಮ್ಮ ನನ್ನ ಕೈಹಿಡಿದು ಹೆಂಗಸರ ಸಾಲಿಗೆ ಸೇರಿಸಿ, ಕುಣಿತದ ಕಥೆ ಹೇಳತೊಡಗಿದಳು. ಬಚಾತಾ ಎಂದರೆ ಮೊದಲು ಹಿತ್ತಿಲಲ್ಲಿ ನಾಲ್ಕು ಜನ ಸೇರಿ ಹಾಡಿಕೊಳ್ಳುವ ಕೂಟವಂತೆ. ಆಗ ಇಕ್ಕಟ್ಟಿನ ಚೌಕದಲ್ಲಿ ಪುಟ್ಟ ಹೆಜ್ಜೆ. ಆಮೇಲೆ ಅಡ್ಡಡ್ಡ ಮೂರು ಹೆಜ್ಜೆ, ನಾಲ್ಕನೆಯದಕ್ಕೆ ನೆಲಕ್ಕೊಂದು ತಟ್ಟು. ವಲಸೆ ಹೋದವರ ಜೊತೆ ನ್ಯೂಯಾರ್ಕಿಗೆ ಹೋಗಿ ಸಾಲ್ಸಾ ಎಂಬ ಇನ್ನೊಂದು ಕುಣಿತದ ಸುತ್ತುಗಳನ್ನು ಕಲಿತು, ಸ್ಪೇನಿಗೆ ಹೋಗಿ ಮೈ ಬಳುಕಿಸುವುದನ್ನು ಕಲಿಯಿತು. ಒಂದು ಕಾಲದಲ್ಲಿ ಮೂಗು ಮುರಿದವರೇ ಈಗ ದೇಶದ ಹೆಮ್ಮೆ ಎನ್ನುತ್ತಾರೆ. ಫೋನಿನ ಕಥೆಗೂ ಇದಕ್ಕೂ ತಾಳೆಯಾಗಲಿಲ್ಲ. ಹೆಂಡದಂಗಡಿಯ ವಿಷಯ ಯಾಕೆ ಹೇಳಲಿಲ್ಲ ಎಂದು ಕೇಳಿಯೇಬಿಟ್ಟೆ. ಅವಳು ನಕ್ಕು, ಬಡವರಿಗೆ ಹಿತ್ತಿಲೂ ಇತ್ತು, ಹೆಂಡದಂಗಡಿಯೂ ಇತ್ತು ಎಂದಳು.

ಈ ಕುಣಿತದ ಕ್ಲಾಸಿನಲ್ಲಿ ಒಂದು ಪದ್ಧತಿ ಇದೆ. ಸ್ವಲ್ಪ ಹೊತ್ತಿಗೊಮ್ಮೆ ಟೀಚರ್ ಚಪ್ಪಾಳೆ ತಟ್ಟುತ್ತಾಳೆ, ಹೆಂಗಸರೆಲ್ಲ ಪಕ್ಕದ ಗಂಡಸಿನ ಕಡೆಗೆ ಸರಿಯಬೇಕು. ಬೆನ್ನ ಮೇಲಿನ ಕೈ ದಾರಿ ತೋರಿಸುವುದಕ್ಕೆ. ಹಾಗಾದರೆ ಫೋಟೊದಲ್ಲಿದ್ದವಳು ಆ ಗಳಿಗೆಗೆ ಸಿಕ್ಕವಳು, ಅಷ್ಟೆ. ನನಗೆ ಸ್ವಲ್ಪ ನಿರಾಸೆಯೇ ಆಯಿತು.

ಸರಿಯುತ್ತ ಸರಿಯುತ್ತ ಸುಹಾಸನ ಎದುರಿಗೇ ಬಂದುನಿಂತೆ. ನನ್ನ ಬಾಯಿಂದ ‘ಅಯ್ಯೋ’ ಎಂದು ಹೊರಟದ್ದಕ್ಕೆ, ಕನ್ನಡದವರೇನು ಎಂದು ಕೇಳಿದ. ಹೆಸರು ಶಾರದಾ, ಬೆಂಗಳೂರು, ಸ್ನೇಹಿತೆಯ ಮನೆಗೆ ಬಂದಿದ್ದೇನೆ ಎಂದೆ. ಮೂರೂ ಸುಳ್ಳು. ಕ್ಲಾಸ್ ಮುಗಿಯುವುದರೊಳಗೆ ಮೂರು ಹಾಡಿಗೆ ಅವನ ಪಾಲಿಗೆ ಬಂದೆ. ಎಳೆದಾಡಲಿಲ್ಲ, ಅವಸರ ಮಾಡಲಿಲ್ಲ, ನಾನು ಕಾಲು ತುಳಿದರೂ ತಾನೇ ಕ್ಷಮೆ ಕೇಳಿದ. ನಾನು ಮಾತ್ರ ಪ್ರತಿಸಲವೂ ತಪ್ಪುತ್ತಿದ್ದೆ.

“ಆಂಟಿ, ಮುಂದ ಏನ್ ಬರ್ತದ ಅಂತ ನೀವ ಮೊದಲ ಊಹಿಸಿ ಹೆಜ್ಜಿ ಇಟ್ಟುಬಿಡ್ತೀರಿ,” ಎಂದ. “ನಾ ಇನ್ನೂ ಕೈನ ಆಡಿಸಿರಂಗಿಲ್ಲ.”

ಕ್ಲಾಸ್ ಮುಗಿದ ಮೇಲೆ ಎದುರಿನ ಮಾಮಕ್ ಅಂಗಡಿಗೆ, ಅಂದರೆ ತಮಿಳು ಮುಸ್ಲಿಮರ ಚಹಾದಂಗಡಿಗೆ, ಕರೆದ. ನೊರೆ ಬರಿಸಿದ ಚಹಾ, ಪರೋಟದಂಥ ರೊಟ್ಟಿ ಚನಾಯ್ ತರಿಸಿದ. ಹುಡುಗ ಒಳ್ಳೆಯವನು, ಅಣ್ಣನಿಗೆ ಹೂಂ ಎನ್ನಬಹುದು ಎಂದು ಮನಸ್ಸು ತಿಳಿಯಾಗಿತ್ತು. ರೊಟ್ಟಿ ಹರಿದು ಸಾರಿನಲ್ಲಿ ಅದ್ದುತ್ತಿದ್ದೆ.

“ಸಿರಿ ಅವರಪ್ಪನ ಮಾತು ಕೇಳಿಸಿಕೊಂಡು ಬೆಳಿಗ್ಗೆನ ಮೆಸೇಜ್ ಮಾಡಿದ್ಲರಿ, ಅತ್ತೆ ಬರಾಕತ್ತಾರ ಅಂತ,” ಎಂದ ಸುಹಾಸ. “ಆಕಿಗೆ ಡಾನ್ಸಿನ ವಿಷಯ ಮೊದಲ ದಿನಾನ ಹೇಳೀನಿ. ಆ ಫೋಟೊನೂ ನಾನ ತೋರಿಸೀನಿ. ನೀವು ಯಾರಂತ ನೀವ ಹೇಳ್ತೀರೇನೋ ಅಂತ ಮೂರು ಹಾಡು ಕಾದೆ.”

ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಜಗಳವಾಡಬಹುದಿತ್ತು.

“ಅತ್ತೆ ಹೆಂಗ ಅಂತ ಕೇಳ್ತಾಳ ಆಕಿ. ಸಿರಿ ಮುಂದ ನಾ ಸುಳ್ಳು ಹೇಳಂಗಿಲ್ಲ. ಏನ್ ಹೇಳ್ಲಿ?”

ನಾಚಿಕೆಯಿಂದ ಭೂಮಿಗಿಳಿದುಹೋದೆ. ಅವನೇ ಬಿಲ್ಲು ಕೊಟ್ಟು, ಹೋಟೆಲಿನ ಬಾಗಿಲವರೆಗೆ ಬಿಟ್ಟು, ನಮಸ್ಕಾರ ಹೇಳಿಹೋದ.

ಭಾನುವಾರ ಬೆಳಿಗ್ಗೆ ಫೆರ್ರಿ ಹತ್ತುವ ಮುಂಚೆ ಸಿರಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಎರಡನೆಯ ಸಲವೂ ಎತ್ತಲಿಲ್ಲ. ದೋಣಿ ದಡ ಬಿಟ್ಟಾಗ ಅಣ್ಣನ ಕರೆ ಬಂತು. ಹುಡುಗ ಹೇಗೆ, ಏನಾದರೂ ಗೊತ್ತಾಯಿತೇ ಎಂದು ಕೇಳಿದ.

“ಹುಡುಗ ಚಿನ್ನದಂಥವನು ಕಣೋ,” ಎಂದೆ. “ಇನ್ನು ಅವನು ನಮ್ಮನ್ನ ಒಪ್ಪಬೇಕು.”

“ಯಾಕೆ? ನಮಗೇನಾಗಿದೆ?” ಎಂದ ಅಣ್ಣ.

ನಾನು ಫೋನ್ ಕಿವಿಗೆ ಹಿಡಿದುಕೊಂಡೇ ದ್ವೀಪದ ಕಡೆಗೆ ತಿರುಗಿ ನಿಂತೆ.