ಹೀರಾಬಾಯಿ ಸೇದುವ ನೀರು

ಕರೆಂಟು ಹೋದದ್ದು ಹೀರಾಬಾಯಿಗೆ ಗೊತ್ತಾದದ್ದೇ ಮಂದಿಯ ಬಾಯಿಂದ. ಹೊತ್ತು ಮುಳುಗುವ ಮೊದಲೇ ಉಂಡು, ಪಾತ್ರೆ ಬೋರಲು ಹಾಕಿ, ಜಪಮಣಿ ಹಿಡಿದು ಕೂತವಳಿಗೆ ದೀಪ ಇದ್ದರೆಷ್ಟು, ಹೋದರೆಷ್ಟು? ಮೇ ತಿಂಗಳ ಆ ಸಂಜೆ ಗಾಳಿ ಆಲಿಕಲ್ಲು ಹೊತ್ತು ತಂದು ಅರ್ಧ ತಾಸು ಕುಣಿದು ಹೋಗಿತ್ತು. ಮರುದಿನ ಸುದ್ದಿ ಬಂತು: ಲೋಕಾಪುರದಿಂದ ಜಮಖಂಡಿಯವರೆಗೆ ಕಂಬಗಳು ಗಾಳಿಗೆ ಬಿದ್ದ ಕಬ್ಬಿನಂತೆ ಮಲಗಿವೆ, ನಾಲ್ಕೈದು ದಿನ ಕರೆಂಟಿಲ್ಲ. ರಬಕವಿಯ ಆ ಓಣಿಯಲ್ಲಿ ಮಗ್ಗಗಳ ಸದ್ದು ನಿಂತು, ಜನರಿಗೆ ತಮ್ಮ ಮಾತು ತಮಗೇ ಕೇಳಿಸತೊಡಗಿತು. ಕೇಳುವಂಥ ಮಾತೇನೂ ಅದರಲ್ಲಿರಲಿಲ್ಲ ಎಂಬುದು ಹೀರಾಬಾಯಿಯ ಅಭಿಪ್ರಾಯ.

ಹತ್ತೊಂಬತ್ತನೇ ವಯಸ್ಸಿಗೆ ತೇರದಾಳದಿಂದ ಸೊಸೆಯಾಗಿ ಬಂದವಳು. ಮೂವತ್ತೊಂದಕ್ಕೆ ಗಂಡ ತೀರಿಹೋದ. ಅಂಗನವಾಡಿಯಲ್ಲಿ ದುಡಿದು ತನ್ನ ಹೊಟ್ಟೆ ತಾನೇ ಹೊರೆದಳು. ಗಂಡ ಹೋದ ವರ್ಷವೇ ಊರಲ್ಲಿ ಚಾತುರ್ಮಾಸಕ್ಕೆ ನಿಂತಿದ್ದ ಜೈನ ಮುನಿಗಳ ಮುಂದೆ ನೇಮ ಹಿಡಿದಿದ್ದಳು: ಕುಡಿಯಲು, ಅಡಿಗೆಗೆ ಬಾವಿಯಿಂದ ಕೈಯಾರೆ ಸೇದಿ ಸೋಸಿದ ನೀರೇ ಆಗಬೇಕು, ಹೊತ್ತು ಮುಳುಗಿದ ಮೇಲೆ ಹನಿ ನೀರೂ ಇಲ್ಲ.

ಸೋಸುವುದೆಂದರೆ ಬರೀ ಸೋಸುವುದಲ್ಲ. ಅರಿವೆಯ ಮೇಲೆ ಉಳಿದ, ಕಣ್ಣಿಗೆ ಕಾಣದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು ಮರಳಿ ಬಾವಿಗೆ ಮುಟ್ಟಿಸಬೇಕು. ಮೇಲಿಂದ ಸುರಿದರೆ ಅವಕ್ಕೆ ಪೆಟ್ಟಾದೀತೆಂದು ಕೊಡವನ್ನು ಹಗ್ಗದಲ್ಲಿ ಇಳಿಸಿ, ಅದು ನೀರು ಮುಟ್ಟಿದ ಮೇಲೆಯೇ ಓರೆ ಮಾಡುತ್ತಿದ್ದಳು. ಹೀಗೆ ಮೂವತ್ತಮೂರು ವರ್ಷ, ಒಂದು ದಿನವೂ ತಪ್ಪದೆ.

ಬಾವಿ ಎರಡು ಮನೆಗಳ ನಡುವೆ ಇತ್ತು. ಅರ್ಧ ಪಾಲು ಅವಳದು, ಅರ್ಧ ಗಂಡನ ಅಣ್ಣನ ಮಗ ಅಭಿನಂದನನದು. ಅವನಿಗೆ ಕಾರ್ಖಾನೆಯ ಆಫೀಸಿನಲ್ಲಿ ನೌಕರಿ, ಮನೆಯಲ್ಲಿ ಬೋರ್‌ವೆಲ್ಲು.

"ಕಾಕು, ಈ ಹಾಳ ಬಾವಿ ಮುಚ್ಚಿದ್ರ ನನ್ನ ಕಾರ್ ನಿಲ್ಲತೈತ್ರಿ" ಎಂದು ವರ್ಷಕ್ಕೆರಡು ಸಲ ಕೇಳುತ್ತಿದ್ದ.

"ನಿನ್ನ ಕಾರ್ ನಿಂದ್ರಾಕ ಊರೆಲ್ಲಾ ಬಿದ್ದೈತಿ. ನನಗ ನೀರ ಇದೊಂದ."

ಎರಡನೇ ದಿನಕ್ಕೆ ಓಣಿಯ ನಳಗಳೆಲ್ಲ ಒಣಗಿದವು. ಕೊಡ ಹಿಡಿದು ಎಲ್ಲರೂ ಹಾಳು ಬಾವಿಗೇ ಬಂದರು. ನೀರಿಲ್ಲ ಎನ್ನುವುದು ಹೀರಾಬಾಯಿಯ ನೇಮದಲ್ಲಿರಲಿಲ್ಲ. ಬೈಯಬಾರದು ಎಂಬುದೂ ಇರಲಿಲ್ಲ.

"ಕೊಡಾ ಮುಳಗವಲ್ದಲ್ರೀ ಬಾಯಾರ?" ಎಂದ ಎದುರು ಮನೆಯ ರಾಚಪ್ಪ. ಹದಿನಾರು ಮಗ್ಗಗಳ ಮಾಲಕ, ಪ್ಲಾಸ್ಟಿಕ್ ಕೊಡವನ್ನು ನೀರ ಮೇಲೆ ಬಾತುಕೋಳಿಯಂತೆ ತೇಲಿಸುತ್ತ ನಿಂತಿದ್ದ.

"ಹೆಂಗ ಮುಳಗೀತು? ನಿನ್ನ ತಲಿ ಹಂಗ ಅದೂ ಹಗರ ಐತಿ. ಹಗ್ಗಾ ಜಗ್ಗಿ ಒಗಿ, ಮಕಾಡೆ ಬೀಳತೈತಿ."

ಮೂರನೇ ದಿನ ಅಭಿನಂದನ ಎರಡು ಕೊಡ ಸೇದಿ ಅಂಗೈ ನೋಡಿಕೊಂಡ. ಬೊಬ್ಬೆ ಎದ್ದಿದ್ದವು. ಹೆಂಡತಿ ಧನಶ್ರೀಗೆ ಅವನ್ನು ತೋರಿಸಿದ, ಗಾಯಗೊಂಡು ಬಂದ ಸಿಪಾಯಿಯ ಹಾಗೆ.

ಹೀರಾಬಾಯಿ ಅಂದು ಮುಂಜಾನೆ ಬಸದಿಗೆ ಹೋದಳು. ಬಂದ ಮೇಲೆ ನೀರು ಸೇದಿ ಅಡಿಗೆಗಿಡಬೇಕು. ಹಿಂದಿನ ದಿನದ ನೀರನ್ನು ಅವಳು ಮುಟ್ಟುತ್ತಿರಲಿಲ್ಲ. ಓಣಿಗೆ ತಿರುಗಿದಾಗ ಡುಗುಡುಗು ಸದ್ದು ಕೇಳಿಸಿತು. ಅಭಿನಂದನ ಪೆಂಡಾಲು ಹಾಕುವ ಮಾಳುವಿನ ಜನರೇಟರ್ ತರಿಸಿ, ಬೋರ್‌ವೆಲ್ಲಿನ ಮೋಟಾರಿಗೆ ಅದರ ಬಲ ಸಾಲದೆಂದು ಬಾವಿಗೆ ಚಿಕ್ಕ ಮೋಟಾರು ಇಳಿಸಿ, ತನ್ನ ಮನೆಯ ಮೇಲಿನ ಟಾಕಿಗೆ ಪೈಪು ಹಾಕಿದ್ದ. ಅವಳು ಕಟ್ಟೆಗೆ ಬರುವಷ್ಟರಲ್ಲಿ ಪೈಪು ಗಾಳಿ ಎಳೆದುಕೊಂಡು ಗೊರಕೆ ಹೊಡೆಯುತ್ತಿತ್ತು. ಬಾವಿಯ ತಳದಲ್ಲಿ ಕೆಸರು ಉಳಿದಿತ್ತು.

"ಇಷ್ಟ ನೀರ ಹೋದ್ರೂ ಟಾಕಿ ತುಂಬವಲ್ದಲ?" ಎಂದು ಅವನು ತಲೆ ಕೆರೆದುಕೊಳ್ಳುತ್ತಿರುವಾಗಲೇ ಒಳಗಿಂದ ಧನಶ್ರೀ ಚೀರಿದಳು.

"ರೀ! ಬಚ್ಚಲದಾಗ ನಳಾ ತಗದ ಐತ್ರಿ! ಮ್ಯಾಲಿನ ಮನ್ಯಾಗೂ!"

ನೀರು ನಿಂತ ದಿನ, ಬರುತ್ತದೋ ಎಂದು ತಿರುಗಿಸಿ ನೋಡಿದ ನಳಗಳು. ಬರಲಿಲ್ಲವೆಂದು ಹಾಗೇ ಬಿಟ್ಟಿದ್ದರು. ಇಡೀ ಬಾವಿ ಟಾಕಿಗೆ ಏರಿ, ಬಚ್ಚಲಿಗೆ ಇಳಿದು, ಗಟಾರು ಸೇರಿತ್ತು. ಮೂವತ್ತಮೂರು ವರ್ಷ ಪೆಟ್ಟಾಗದಂತೆ ಇಳಿಸಿದ ಜೀವಗಳು ಸಾಬೂನಿನ ನೊರೆಯೊಂದಿಗೆ ಅವಳ ಕಾಲ ಬುಡದಲ್ಲೇ ಹರಿದು ಹೋಗುತ್ತಿದ್ದವು.

ಹೀರಾಬಾಯಿ ಕಟ್ಟೆಯ ಮೇಲೆ ಕೂತಳು. ಹೊತ್ತು ಮುಳುಗುವುದರೊಳಗೆ ಒಂದು ತಂಬಿಗೆಯಷ್ಟು ತಿಳಿನೀರು ಒಸರಿದರೆ ಸೈ. ಇಲ್ಲವಾದರೆ ಈ ಬಿಸಿಲಲ್ಲಿ ನಾಳೆಯವರೆಗೂ ಬಾಯಿಗೆ ಹನಿ ಇಲ್ಲ. ಮಧ್ಯಾಹ್ನಕ್ಕೆ ನಾಲಗೆ ಅಂಗುಳಿಗೆ ಅಂಟಿತು.

ಅಭಿನಂದನ ಬಾಟ್ಲಿ ನೀರು ತಂದ. "ಕುಡೀರಿ ಕಾಕು. ಒಂದ ದಿನಕ್ಕ ದೇವರೇನ ನೋಡಾಂಗಿಲ್ರಿ."

"ದೇವರು ನೋಡ್ಲೆಂತ ಹಿಡದದ್ದಲ್ಲೋ ಇದು. ನಾ ನೋಡಾಕತ್ತೇನಲಾ?"

"ಹಟಾ ಮಾಡಿದ್ರ ಜೀವಕ್ಕ ತ್ರಾಸ ಆಕ್ಕೈತ್ರಿ."

"ಜೀವದ ಮಾತ ನಿನ್ನ ಬಾಯಾಗ! ಸರಿ ಅತ್ತಾಗ, ಬಾವಿಗೆ ನೆರಳ ಬೀಳಾಕತ್ತೈತಿ."

ಸಂಜೆ ಆರಕ್ಕೆ ಗೇಣುದ್ದ ನೀರು ನಿಂತಿತು. ಸೇದಿದಳು. ಕೆಂಪು ರಾಡಿ. ಅರಿವೆ ಮಡಚಿ ಸೋಸಿದಳು, ಮತ್ತೆ ಸೋಸಿದಳು. ಮೂರನೇ ಸಲ ಸೋಸುವಾಗ ನೀರು ಚಹದ ಬಣ್ಣಕ್ಕೆ ಬಂದಿತ್ತು, ಆದರೆ ಎದುರು ಗೋಡೆಯ ಮೇಲಿನ ಬಿಸಿಲು ಹೋಗಿಬಿಟ್ಟಿತ್ತು. ರಾಚಪ್ಪ ತನ್ನ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಅವಳು ಅಷ್ಟೂ ನೀರನ್ನು ಕೊಡಕ್ಕೆ ಹಾಕಿ ಮರಳಿ ಬಾವಿಗೆ ಇಳಿಸಿ, ಒಳಗೆ ಹೋಗಿ ಕದ ಹಾಕಿಕೊಂಡಳು.

ನಾಲ್ಕನೇ ದಿನ ಬೆಳಗಾಗುವ ಮೊದಲೇ ಕರೆಂಟು ಬಂತು. ಮಗ್ಗಗಳು ಕಟಕಟ ಹಲ್ಲು ಕಡಿಯತೊಡಗಿದವು. ಬಾವಿಯ ಬಳಿ ಒಂದು ನರಪಿಳ್ಳೆಯೂ ಇರಲಿಲ್ಲ, ರಾಚಪ್ಪನ ತೂತುಬಿದ್ದ ಕೊಡವೊಂದು ಬಿದ್ದಿತ್ತು. ನೀರು ಆಳೆತ್ತರ ಬಂದು ತಿಳಿಯಾಗಿತ್ತು. ನೇಮದಂತೆ ಬಿಸಿಲೇರುವವರೆಗೆ ಕಾದು, ಸೇದಿ, ಸೋಸಿ, ಕೂತು ಕುಡಿದಳು. ಎರಡು ತಂಬಿಗೆ.

ಅಷ್ಟೊತ್ತಿಗೆ ಅಭಿನಂದನ ಕೈಜೋಡಿಸಿಕೊಂಡು ಬಂದ.

"ಕಾಕು, ತಪ್ಪಾತ್ರಿ. ಕ್ಷಮಾ ಮಾಡ್ರಿ."

"ನನಗ ಯಾಕ ಕೇಳತೀ? ನಂದ ಒಂದ ದಿನದ ನೀರ ಹೋತು, ಅಷ್ಟ. ಗಟಾರಕ್ಕ ಹ್ವಾದೂವ್ನ ಕೇಳ ಹೋಗು."

ಅವನು ಗಟಾರದ ಕಡೆ ನೋಡಿದ, ಅವಳ ಕಡೆ ನೋಡಿದ. "ಏನ ಹ್ವಾದೂರಿ ಗಟಾರಕ್ಕ?"

ಜೈನರ ಮನೆಯಲ್ಲಿ ಹುಟ್ಟಿ ನಲವತ್ತು ದಾಟಿದ ಗಂಡಸು. ಖರೆ ಖರೆ ಗೊತ್ತಿಲ್ಲದೆ ಕೇಳುತ್ತಿದ್ದ. ಅವನಿಗೆ ತಿಳಿಸಿ ಹೇಳುತ್ತ ಮತ್ತೆ ಬಾಯಿ ಒಣಗಿಸಿಕೊಳ್ಳಲು ಹೀರಾಬಾಯಿಗೆ ಮನಸ್ಸಾಗಲಿಲ್ಲ. ನಿನ್ನೆ ಒಣಗಿದ್ದೇ ಸಾಕಾಗಿತ್ತು.