ಉಗುರಿನ ಮದರಂಗಿ

ಮಗಳಿಗೆ ಆಗ ಆರು ವರ್ಷ. ಹುಟ್ಟಿದಾಗ ಅವಳ ಅಳು ಬೆಕ್ಕಿನ ಮರಿಯ ಕೂಗಿನ ಹಾಗಿತ್ತು. ರಕ್ತ ಪರೀಕ್ಷಿಸಿದ ಡಾಕ್ಟರು, ಒಂದು ಕ್ರೋಮೋಸೋಮಿನ ತುಣುಕು ಇಲ್ಲ, ಇಂಥ ಮಗುವನ್ನು ನಾನೂ ಪುಸ್ತಕದಲ್ಲಿ ಮಾತ್ರ ಕಂಡದ್ದು ಎಂದರು. ಮಾತು ಬರಲಿಲ್ಲ, ನಡಿಗೆ ತಡವಾಯಿತು. ಮುಂಬಯಿಯ ಚೆಂಬೂರಿನ ನಮ್ಮ ಮನೆಯಲ್ಲಿ ಅವಳ ಒಂದು ಊಟಕ್ಕೆ ಒಂದು ಗಂಟೆ ಹಿಡಿಯುತ್ತಿತ್ತು. ಅದಕ್ಕೆ ಒಗ್ಗಿಕೊಂಡಿದ್ದೆವು. ಒಗ್ಗದೆ ಹೋದದ್ದು ಹರ್ನಿಯಾಕ್ಕೆ. ಅತ್ತರೆ ತೊಡೆಸಂದಿಯಲ್ಲಿ ನಿಂಬೆಹಣ್ಣಿನಷ್ಟು ಉಬ್ಬುತ್ತಿತ್ತು. ಒಮ್ಮೆ ಕರುಳು ಅಲ್ಲಿ ಸಿಕ್ಕಿಹಾಕಿಕೊಂಡಾಗ ಡಾಕ್ಟರು ಹೇಗೋ ಒಳಗೆ ತಳ್ಳಿ, ಇನ್ನೊಮ್ಮೆ ಹೀಗಾದರೆ ಜೀವಕ್ಕೇ ಅಪಾಯ ಎಂದಿದ್ದರು.

ಮೊದಲ ಸಲ ಆಪರೇಶನ್ನಿಗೆಂದು ಮತ್ತಿನ ಮದ್ದು ಕೊಟ್ಟವರು ಕತ್ತರಿ ಮುಟ್ಟಿಸದೆ ಹಿಂದೆ ತಂದರು. ಗಂಟಲು ಬಹಳ ಸಣ್ಣದು, ಉಸಿರಿನ ನಳಿಗೆ ಇಳಿಯಲಿಲ್ಲ, ಮಗು ನೀಲಿಗಟ್ಟಿತು ಎಂದರು. ಎರಡನೆಯ ತಾರೀಖು ಸಿಗಲು ಮೂರು ತಿಂಗಳು ಕಾದೆವು.

ಹಿಂದಿನ ದಿನ ಮಧ್ಯಾಹ್ನವೇ ವಾರ್ಡಿಗೆ ಸೇರಿಸಿದೆವು. ಹೊಸ ಜಾಗದಲ್ಲಿ ಅವಳು ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಿದ್ದಳು. ಮದರಂಗಿ ಹಚ್ಚಿದರೆ ಮಾತ್ರ ಹತ್ತೂ ಬೆರಳು ಅಗಲಿಸಿ, ದೇವರ ಮುಂದೆ ಕೂತವಳಂತೆ ಅಲ್ಲಾಡದೆ ಕೂರುತ್ತಿದ್ದಳು. ಅದಕ್ಕೇ ಸೊಪ್ಪು ಅರೆದು ಡಬ್ಬಿಯಲ್ಲಿ ತಂದಿದ್ದೆ. ನಮ್ಮ ಊರ ಕಡೆಯ ಕ್ರಮದಂತೆ ಒಂದೊಂದು ಬೆರಳಿನ ತುದಿಗೂ ಟೊಪ್ಪಿಯ ಹಾಗೆ ಮೆತ್ತಿದೆ.

ಬೈಕುಲ್ಲಾದ ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ ನನ್ನ ಗಂಡ ಕೆಲಸದ ನಡುವೆ ಬಂದು ನೋಡಿದರು. "ಎಂಥ ಮಾರಾಯ್ತಿ, ಆಪರೇಶನ್ನಿಗೋ ದಿಬ್ಬಣಕ್ಕೋ?"

"ದಿಬ್ಬಣಕ್ಕೇ. ನೀವು ಅರ್ಧ ಗಂಟೆ ಇವಳನ್ನು ಹಿಡ್ಕೊಂಡು ಕೂತ್ಕೊಳ್ಳಿ ನೋಡುವ, ಆಮೇಲೆ ತಮಾಷೆ ಮಾಡಿ."

"ಬೇಡಪ್ಪ ಬೇಡ. ಕಾಲಿಗೂ ಹಚ್ಚು!"

ಹಚ್ಚಿಯೇಬಿಟ್ಟೆ.

ಬೆಳಿಗ್ಗೆ ಮತ್ತಿನ ಮದ್ದು ಕೊಡುವ ಡಾಕ್ಟರು ಬಂದರು. ಈ ಸಲ ಬೇರೆಯವರು, ಹೆಂಗಸು. ತಂದೆ ಮಂಗಳೂರಿನವರಂತೆ, ಇವರು ಹುಟ್ಟಿದ್ದು ಬೆಳೆದದ್ದು ಎಲ್ಲ ಮುಂಬಯಿಯಲ್ಲೇ. ಮಗಳ ಕೈ ಎತ್ತಿದವರು ಹಾಗೇ ನಿಂತರು.

"ಅರೆ, ಇದು ಏನು ಮಾಡಿದ್ರಿ? ಮಗು ನೀಲಿ ಆಗ್ತದಾ ಅಂತ ನಾನು ಉಗುರು ನೋಡೋದು. ಈಗ ಎಲ್ಲಿ ನೋಡ್ಲಿ?"

ಬೆರಳಿಗೆ ಸಿಕ್ಕಿಸಿ ನೋಡುವ ಯಂತ್ರ ಆಗಿನ್ನೂ ಬಂದಿರಲಿಲ್ಲ. ಹೊದಿಕೆ ಸರಿಸಿ ಕಾಲು ನೋಡಿದರು. ಅಲ್ಲೂ ಇಟ್ಟಿಗೆಯ ಬಣ್ಣ. ಹಿಂದಕ್ಕೆ ಕಳಿಸಿದರೆ ಇನ್ನು ಮೂರು ತಿಂಗಳು. ಅಷ್ಟರೊಳಗೆ ಕರುಳು ಮತ್ತೆ ಸಿಕ್ಕಿಕೊಂಡರೆ?

"ಡಾಕ್ಟ್ರೇ, ಇವಳಿಗೆ ಉಗುರು ನೀಲಿಯಾಗುವುದು ಕೊನೆಗೆ," ಎಂದೆ. "ಅತ್ತು ಅತ್ತು ಉಸಿರು ಕಟ್ಟಿದಾಗ ಮೊದಲು ಕೆಳತುಟಿಯ ಒಳಗೆ ಕಪ್ಪಾಗ್ತದೆ. ಮತ್ತೆ ನಾಲಿಗೆ."

ಅವರು ಸ್ಟೂಲು ಎಳೆದು ಕೂತರು. "ಮತ್ತೆ? ಮಲಗೋದು ಹೇಗೆ?"

"ಮಗ್ಗುಲಿಗೆ. ಅಂಗಾತ ಮಲಗಿಸಿದ್ರೆ ಗೊರಗೊರ ಅಂತದೆ, ಉಸಿರು ನಿಂತು ನಿಂತು ಬರ್ತದೆ."

"ಪೆಹಲೇ, ಮೊದಲಿನ ಸಲ, ಇದು ಹೇಳಿದ್ರಾ?"

"ಯಾರೂ ಕೇಳ್ಲಿಲ್ಲ."

ಅವರು ಮಗಳ ಕೆಳತುಟಿಯನ್ನು ಮೆಲ್ಲಗೆ ಮಡಚಿ ಬಹಳ ಹೊತ್ತು ನೋಡಿದರು. "ಇವತ್ತೇ ಮಾಡೋಣ. ಇನ್ನೂ ಸಣ್ಣ ಟ್ಯೂಬ್ ತರಿಸ್ತೇನೆ. ತುಟಿ ಮೇಲೆ ಕಣ್ಣು ಇಡ್ತೇನೆ," ಎಂದು ಎದ್ದರು.

ಬಾಗಿಲಾಚೆ ಬೆಂಚಿನ ಮೇಲೆ ಕೂತು ಯೋಚಿಸಿದೆ. ಆರು ವರ್ಷ ಗಳಿಗೆ ಗಳಿಗೆಗೂ ಅವಳನ್ನು ನೋಡಿದವಳು ನಾನು. ಕೇಳದಿದ್ದರೂ ನಾನಾಗಿ ಹೇಳಬಹುದಿತ್ತು. ಮನೆಯಲ್ಲಿ ತಿಳಿದದ್ದು ಆಸ್ಪತ್ರೆಯಲ್ಲಿ ಲೆಕ್ಕಕ್ಕೆ ಬಾರದು ಅಂದುಕೊಂಡಿದ್ದೆ. ದೊಡ್ಡವರ ಮುಂದೆ ಬಾಯಿ ಮುಚ್ಚಿಕೊಂಡಿರುವುದೇ ಮರ್ಯಾದೆ ಎಂದು ಕಲಿತವಳು. ಆ ಮರ್ಯಾದೆಯಿಂದಲೇ ಮೊದಲ ಸಲ ಮಗು ನೀಲಿಗಟ್ಟಿತೋ ಏನೋ. ಪಕ್ಕದಲ್ಲಿ ಕೂತ ಗಂಡ, "ಕಾಲಿಗೆ ಹಚ್ಚು ಅಂದದ್ದು ನಾನಲ್ವಾ," ಎಂದು ಎರಡು ಸಲ ಅಂದರು. ಇಬ್ಬರಿಗೂ ನಗು ಬರಲಿಲ್ಲ.

ಕೊನೆಗೆ ಡಾಕ್ಟರಮ್ಮನೇ ಬಾಗಿಲು ತೆಗೆದರು. "ಹರ್ನಿಯಾದ ಆಪರೇಶನ್ ಆಯ್ತು. ನೀವು ಒಳಗೆ ಬನ್ನಿ."

ತಾಯಂದಿರನ್ನು ಒಳಗೆ ಬಿಡುವ ಪದ್ಧತಿ ಇರಲಿಲ್ಲ; ದಾದಿ ಮುಖ ಗಂಟಿಕ್ಕಿದಳು. ಮಗಳನ್ನು ಮಗ್ಗುಲಿಗೆ ಮಲಗಿಸಿದ್ದರು, ಆದರೂ ಗಂಟಲು ಗೊರಗೊರ ಅನ್ನುತ್ತಿತ್ತು. ಡಾಕ್ಟರಮ್ಮ ನನ್ನ ಬೆರಳುಗಳನ್ನು ಅವಳ ದವಡೆಯ ಮೂಲೆಗೆ ಇಟ್ಟು, ಹೇಗೆ ಮುಂದಕ್ಕೆ ತಳ್ಳಿ ಹಿಡಿಯಬೇಕೆಂದು ತೋರಿಸಿದರು. ಗೊರಗೊರ ನಿಂತು ಉಸಿರು ಸಲೀಸಾಯಿತು.

"ಏಳೋ ತನಕ ಹೀಗೇ. ನಾನು ಇಲ್ಲೇ ಇದ್ದೇನೆ. ತುಟಿ ನೀವೂ ನೋಡ್ತಾ ಇರಿ, ಕಪ್ಪು ಕಂಡ್ರೆ ಕೂಗಿ."

ಕಪ್ಪಾಗಲಿಲ್ಲ. ಬಹಳ ಹೊತ್ತಿನ ಮೇಲೆ ಅವಳು ಕಣ್ಣು ಬಿಟ್ಟು, ನನ್ನ ಬೆರಳನ್ನು ಸಿಟ್ಟಿನಿಂದ ತಳ್ಳಿದಳು.