ಮಾವ ಹಾಕಿದ ಬಿಸಿ ತೇಪೆ

ಮನುಷ್ಯ ಮಾಡಿದ್ದು ಎಂದಾದರೊಂದು ದಿನ ಅವನೆದುರು ಬಂದು ನಿಲ್ಲುತ್ತದೆ. ನನ್ನ ಸೋದರಮಾವನಿಗೆ ಅದು ಬಂಗಾರಪೇಟೆ ದಾಟಿದ ಕೂಡಲೇ ಬಂದು, ಕೆ.ಜಿ.ಎಫ್. ಮುಟ್ಟುವವರೆಗೂ ಬರುತ್ತಲೇ ಇರುತ್ತಿತ್ತು. ಆ ರಸ್ತೆಯ ಗುಂಡಿ ಮುಚ್ಚುವ ಗುತ್ತಿಗೆ ಅವರದು.

ಬಸ್ಸಿನಲ್ಲಿ ಅವರು ಕೂರುವ ರೀತಿಯೇ ಬೇರೆ. ದಪ್ಪ ದೇಹ, ಉಗುರ ಸಂದಿಯಲ್ಲಿ ಟಾರು, ಎರಡೂ ಕೈ ಮುಂದಿನ ಸೀಟಿನ ಕಂಬಿಯ ಮೇಲೆ. ಗುಂಡಿ ಬರುವ ಮುನ್ನವೇ ಅರ್ಧ ಗೇಣು ಮೇಲೆದ್ದು, ಬಸ್ಸು ಕುಕ್ಕಿ ಮುಗಿಸಿದ ಮೇಲೆ ಸಭೆಯ ಅಧ್ಯಕ್ಷರಂತೆ ಮತ್ತೆ ಆಸೀನರಾಗುತ್ತಿದ್ದರು. ಅವರ ಜೀಪು ಅದೇ ರಸ್ತೆಯಲ್ಲಿ ಓಡಾಡಿ ಶೆಡ್ಡು ಸೇರಿದ್ದರಿಂದ ಬಸ್ಸೇ ಗತಿಯಾಗಿತ್ತು. ಅವರ ಕೈಕೆಳಗೆ ಕೆಲಸ ಮಾಡಿ ಅನ್ನ ತಿನ್ನುತ್ತಿದ್ದ ನಾನೂ ಹಾಗೆ ಏಳುವುದನ್ನು ಕಲಿತಿದ್ದೆ.

ಒಂದು ದಿನ, ಕೆ.ಜಿ.ಎಫ್.ನ ರಾಬರ್ಟ್‌ಸನ್‌ಪೇಟೆಗೆ ಮೊಸರು ಮಾರಲು ಹೊರಟ ಹೆಂಗಸೊಬ್ಬಳು ನಮ್ಮ ಪಕ್ಕದ ಸೀಟಿನಲ್ಲಿದ್ದಳು. ಬಸ್ಸು ಕುಕ್ಕಿ, ಮೊಸರು ಅವಳ ಮಡಿಲಿಗೆ ಚೆಲ್ಲಿತು. ಅವಳು ಸೀರೆ ನೋಡಿಕೊಳ್ಳಲಿಲ್ಲ, ಮಾವನನ್ನು ನೋಡಿದಳು.

"ಆಗ್ಲಿಂದ ನೋಡ್ತಾ ಇವ್ನಿ. ಗುಂಡಿ ಬರೋದು ನಿಂಗೆಂಗಣ್ಣ ಮುಂಚೇನೇ ಗೊತ್ತಾಗ್ತದೆ?"

ನಾನು ಕಿಟಕಿಯತ್ತ ತಿರುಗಿದೆ. ಮಾವ ಸುಳ್ಳು ಹೇಳಬಹುದಿತ್ತು. ಬಿಲ್ಲು ಬರೆದು ಬರೆದು ಅಭ್ಯಾಸವೂ ಇತ್ತು.

"ಮುಚ್ಚಿದ್ದು ನಾನೇ ಕಣಮ್ಮ."

"ಇದಾ ಮುಚ್ಚಿರಾದು? ಅಂಗಾರೆ ಈ ಮೊಸ್ರೂ ಬಳ್ಕೊಂಡೋಗಿ ತುಂಬು. ಇದಾದ್ರೂ ನಿಂತ್ಕಂತದೇನೋ."

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರ್ ತಮಿಳಿನಲ್ಲಿ ಏನೋ ಸೇರಿಸಿದ, ಇನ್ನೊಮ್ಮೆ ನಕ್ಕಿತು. ಮುಂದಿನ ಸ್ಟಾಪಿನಲ್ಲೇ ಮಾವ ಇಳಿದರು. ನಾನೂ ಹಿಂದೆಯೇ ಇಳಿದೆ. ರಸ್ತೆಯಂಚಿನಲ್ಲಿ ನಡೆಯುತ್ತಾ ಮಾವ ಹೇಳಿದರು.

"ತಣ್ಣಗಿರೋ ಗುಂಡೀಗೆ ಟಾರು-ಜಲ್ಲಿ ಮಾಲು ಸುರಿದ್ರೆ ಅಂಟ್ಕಂತದೇನ್ಲಾ? ಪಂಚರ್ ಅಂಗಡಿಯೋನೂ ಟ್ಯೂಬು ಕಾಯಿಸಿ ತೇಪೆ ಆಕ್ತಾನೆ. ನಂಗೆ ಮೊದ್ಲಿಂದ್ಲೂ ಗೊತ್ತಿತ್ತು."

"ಮತ್ಯಾಕ್ ಮಾವ ಕಾಯಿಸ್ಲಿಲ್ಲ?"

"ಯಾರೂ ಕೇಳ್ಲಿಲ್ಲ."

ಮರುವಾರ ಮೊಸರು ಚೆಲ್ಲಿಸಿದ ಆ ಗುಂಡಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಕಸ ಗುಡಿಸಿ, ತೇವ ಆರಿಸಿ, ಗ್ಯಾಸ್ ಬರ್ನರಿನ ಉರಿಯನ್ನು ಗುಂಡಿಯ ಅಂಚಿಗೆ ತಾವೇ ಹಿಡಿದರು. ಹಳೆಯ ಟಾರು ಮೆತ್ತಗಾಗಿ ಮಿನುಗಿದ ಮೇಲೆ, ಹೊಗೆಯಾಡುವ ಮಾಲು ಸುರಿಸಿ, ಹಳತು ಹೊಸತು ಒಂದಾಗುವಂತೆ ಕುಟ್ಟಿಸಿದರು. ಅಷ್ಟು ಹೊತ್ತಿನಲ್ಲಿ ನಾವು ಮಾಮೂಲಿಯಾಗಿ ಅರ್ಧ ಮೈಲಿಯ ಗುಂಡಿಗಳಿಗೆ ಮುಕ್ತಿ ಕಾಣಿಸುತ್ತಿದ್ದೆವು.

"ಒಂದು ಮಳೆಗಾಲ ಕಳೀಲಿ. ಇದು ನಿಂತ್ರೆ ಎಲ್ಲಾನೂ ಇಂಗೇ ಮಾಡ್ಸಿ, ಆಮೇಲೇ ಬಸ್ಸಲ್ಲಿ ಕೂರ್ತೀನಿ," ಎಂದರು.

ಅಲ್ಲಿಯವರೆಗೆ ರೈಲಿನಲ್ಲಿ ಓಡಾಡಿದರು. ಅಭ್ಯಾಸಬಲದಿಂದ ರೈಲಿನಲ್ಲೂ ಆಗಾಗ ಅರ್ಧ ಗೇಣು ಮೇಲೇಳುತ್ತಿದ್ದರು; ಎದುರಿಗೆ ಕೂತವರು ಮೂಲವ್ಯಾಧಿಗೆ ಔಷಧಿ ಹೇಳುತ್ತಿದ್ದರು. ಮಾವ ತಲೆಯಾಡಿಸಿ ಕೇಳಿಸಿಕೊಳ್ಳುತ್ತಿದ್ದರು.

ಮಳೆ ಹಿಡಿಯುವ ಮೊದಲೇ ಎದೆನೋವು ಬಂದು ತೀರಿಕೊಂಡರು.

ಮಳೆಗಾಲ ಮುಗಿದಾಗ ಅಕ್ಕಪಕ್ಕದ ತೇಪೆಗಳೆಲ್ಲ ಕಿತ್ತುಹೋಗಿದ್ದವು. ಮಾವ ಕಾಯಿಸಿ ಹಾಕಿದ್ದೊಂದು ಮಾತ್ರ ಕದಲಿರಲಿಲ್ಲ, ಈಗಲೂ ಕದಲಿಲ್ಲ. ಗುತ್ತಿಗೆ ಈಗ ನನ್ನ ಹೆಸರಿನಲ್ಲಿದೆ. ಬರ್ನರೂ ಇದೆ, ಆದರೆ ಕಾಯಿಸಲು ಬಹಳ ಹೊತ್ತು ಹಿಡಿಯುತ್ತದೆ. ನಾನೂ ರೈಲಿನಲ್ಲೇ ಹೋಗಿಬರುತ್ತೇನೆ. ಉಳಿದ ಗುಂಡಿಗಳನ್ನು ಕಾಯಿಸದೆಯೇ ಮುಚ್ಚಿಸುತ್ತಿದ್ದೇನೆ.